ಡಿಎನ್‌ಎಯ ಹುರಿ ಮತ್ತು ಕ್ಯಾನ್ಸರ್ ಔಷಧದ ಪೆಟ್ಟು

ಕ್ಯಾನ್ಸರ್ ಚಿಕಿತ್ಸೆ ಮಹಾನಗರಗಳ ಗಡಿ ದಾಟಿ ಜಿಲ್ಲಾ ಕೇಂದ್ರಗಳತ್ತ ಸಾಗುತ್ತಿದೆ. 2025-26ರ ಕೇಂದ್ರ ಮುಂಗಡಪತ್ರವು ಮೂರು ವರ್ಷಗಳಲ್ಲಿ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇಕೇರ್ ಕ್ಯಾನ್ಸರ್ ಕೇಂದ್ರಗಳನ್ನು ಸ್ಥಾಪಿಸುವುದಾಗಿಯೂ, ಆ ಪೈಕಿ 200 ಕೇಂದ್ರಗಳನ್ನು ಮೊದಲ ವರ್ಷದಲ್ಲೇ ತೆರೆಯುವುದಾಗಿಯೂ ಘೋಷಿಸಿತು. ಕರ್ನಾಟಕ ಸರ್ಕಾರವೂ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇಕೇರ್ ಕಿಮೋಥೆರಪಿ ಕೇಂದ್ರಗಳನ್ನು ಆರಂಭಿಸಿತು. ಅದಕ್ಕೂ ಮೊದಲು, 2024ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಮೂರು ಕ್ಯಾನ್ಸರ್ ಔಷಧಗಳಿಗೆ ಆಮದು ಸುಂಕದಿಂದ ವಿನಾಯಿತಿ ದೊರೆತಿತ್ತು. ಅವುಗಳಲ್ಲೊಂದು ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್.

ಈ ಸುದ್ದಿಗಳ ಸುತ್ತ ನಡೆದ ಚರ್ಚೆ ಬಹುಪಾಲು ಬೆಲೆ, ಹಾಸಿಗೆ ಮತ್ತು ಸಿಬ್ಬಂದಿಯ ಸುತ್ತಲೇ ಸುತ್ತಿತು. ಅದು ಸಹಜವೂ ಹೌದು. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಜೀವಕೋಶವನ್ನು ಕೊಲ್ಲಲೆಂದೇ ಕೊಡುವ ಈ ಔಷಧಗಳು ಗಡ್ಡೆಯ ಕೋಶಕ್ಕೆ ಎಷ್ಟು, ಆರೋಗ್ಯವಂತ ಕೋಶಕ್ಕೆ ಎಷ್ಟು ಪೆಟ್ಟು ಕೊಡುತ್ತವೆ ಎಂಬುದನ್ನು ನಿರ್ಧರಿಸುವುದು ಯಾವುದು? ಔಷಧದ ಪ್ರಮಾಣವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಕಳೆದ ಎರಡು ದಶಕಗಳ ಸಂಶೋಧನೆ ಬೇರೊಂದು ಅಂಶವನ್ನು ಮುಂದಿಟ್ಟಿದೆ. ಔಷಧವು ತಲುಪುವ ಹೊತ್ತಿಗೆ ಡಿಎನ್‌ಎ ಎಷ್ಟು ಬಿಗಿಯಾಗಿ ಅಥವಾ ಎಷ್ಟು ಸಡಿಲವಾಗಿ ಹುರಿಗೊಂಡಿದೆ ಎಂಬುದೂ ಪೆಟ್ಟಿನ ಸ್ಥಳ ಮತ್ತು ತೀವ್ರತೆಯನ್ನು ಬದಲಿಸುತ್ತದೆ.

ಹುರಿ ಎಂದರೇನು?

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದರ ಎರಡು ಎಳೆಗಳು ಸುಮಾರು ಹತ್ತೂವರೆ ಅಕ್ಷರಜೋಡಿಗಳಿಗೊಮ್ಮೆ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಲೆಕ್ಕ ಹಾಕಿದರೆ ಒಂದು ಕೋಶದಲ್ಲಿ ಸುಮಾರು 60 ಕೋಟಿ ಸುತ್ತುಗಳಾಗುತ್ತವೆ. ಕೋಶವು ಒಡೆದು ಎರಡಾಗುವಾಗ ಇಷ್ಟೂ ಸುತ್ತುಗಳು ಬಿಚ್ಚಿಕೊಳ್ಳಬೇಕು. ಒಂದು ವಂಶವಾಹಿಯನ್ನು ಓದುವಾಗಲೂ ಆ ಭಾಗದ ಎಳೆಗಳು ಬೇರ್ಪಡಬೇಕು.

ಎರಡು ಎಳೆಗಳಿಂದ ಹೊಸೆದ ಹಗ್ಗವೊಂದರ ಎರಡೂ ತುದಿಗಳನ್ನು ಗಟ್ಟಿಯಾಗಿ ಕಟ್ಟಿ, ನಡುವೆ ಒಂದು ಕಡ್ಡಿಯನ್ನು ತೂರಿಸಿ ಮುಂದಕ್ಕೆ ತಳ್ಳಿದರೆ ಆಗುವುದೇನೆಂದು ಊಹಿಸಿಕೊಳ್ಳಬಹುದು. ಕಡ್ಡಿಯ ಮುಂದಿನ ಭಾಗ ಬಿಗಿಯಾಗುತ್ತ ಹೋಗಿ ಕೊನೆಗೆ ಮುರುಟಿಕೊಳ್ಳುತ್ತದೆ. ಹಿಂದಿನ ಭಾಗ ಸಡಿಲಗೊಂಡು ಎಳೆಗಳು ಬಾಯ್ದೆರೆಯುತ್ತವೆ. ವಂಶವಾಹಿಯನ್ನು ಓದುವ ಕಿಣ್ವವು ಡಿಎನ್‌ಎಯ ಮೇಲೆ ಸಾಗುವಾಗ ನಡೆಯುವುದು ಇದೇ. 1987ರಲ್ಲಿ ಲೆರಾಯ್ ಲಿಯು ಮತ್ತು ಜೇಮ್ಸ್ ವಾಂಗ್ ಎಂಬ ವಿಜ್ಞಾನಿಗಳು ಇದನ್ನು ಸ್ಪಷ್ಟವಾಗಿ ಮಂಡಿಸಿದರು. ಓದುವ ಕಿಣ್ವದ ಮುಂದಿರುವುದನ್ನು ಬಿಗಿಹುರಿ ಎಂದೂ, ಹಿಂದಿರುವುದನ್ನು ಸಡಿಲಹುರಿ ಎಂದೂ ಇಲ್ಲಿ ಕರೆಯೋಣ.

ಡಿಎನ್‌ಎ ತನ್ನ ಸಹಜ ಸುರುಳಿಯ ಮೇಲೆ ಮತ್ತೊಮ್ಮೆ ಸುರುಳಿಗೊಳ್ಳಬಲ್ಲದು ಎಂಬುದನ್ನು 1965ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಜೆರೋಮ್ ವಿನೋಗ್ರಾಡ್ ತಂಡವು ವೈರಸ್ಸಿನ ಡಿಎನ್‌ಎಯಲ್ಲಿ ತೋರಿಸಿತ್ತು. ಆದರೆ ಇಷ್ಟೊಂದು ಸುತ್ತುಗಳನ್ನು ಕೋಶವು ಬಿಚ್ಚುವುದಾದರೂ ಹೇಗೆ ಎಂಬ ಪ್ರಶ್ನೆ ಎಷ್ಟು ಗಂಭೀರವಾಗಿತ್ತೆಂದರೆ, ದ್ವಿಸುರುಳಿಯ ರಚನೆಯೇ ಸರಿಯೇ ಎಂಬ ಸಂಶಯವೂ ಮೂಡಿತು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಸಂಗಡಿಗರು, ಎಳೆಗಳು ಒಂದನ್ನೊಂದು ಸುತ್ತದೆ ಅಕ್ಕಪಕ್ಕದಲ್ಲಿ ಸಾಗುವ ಪರ್ಯಾಯ ಮಾದರಿಯನ್ನು ಮುಂದಿಟ್ಟರು. ನ್ಯೂಜಿಲೆಂಡ್‌ನ ಒಂದು ತಂಡವೂ ಇಂತಹದೇ ಮಾದರಿಯನ್ನು ಪ್ರತಿಪಾದಿಸಿತ್ತು. ಎಳೆಗಳನ್ನು ಬಿಡಿಸುವ ತೊಡಕು ಈ ಮಾದರಿಯಲ್ಲಿ ಬಹುಮಟ್ಟಿಗೆ ತಪ್ಪುತ್ತಿತ್ತು. 1979ರಲ್ಲಿ ಫ್ರಾನ್ಸಿಸ್ ಕ್ರಿಕ್, ವಾಂಗ್ ಮತ್ತು ಬೌವರ್ ಅವರ ಲೇಖನ ದ್ವಿಸುರುಳಿಯ ಪರವಾಗಿ ವಾದವನ್ನು ಬಹುತೇಕ ಇತ್ಯರ್ಥಗೊಳಿಸಿತು. ಆದರೆ ಬೆಂಗಳೂರಿನ ವಿಜ್ಞಾನಿಗಳು ಬೊಟ್ಟು ಮಾಡಿದ್ದ ತೊಡಕು ಸುಳ್ಳಾಗಿರಲಿಲ್ಲ. ಅದಕ್ಕೆ ಕೋಶವು ಬೇರೆಯೇ ಪರಿಹಾರ ಕಂಡುಕೊಂಡಿತ್ತು.

ಆ ಪರಿಹಾರವೇ ಟೋಪೋಐಸೋಮರೇಸ್ ಎಂಬ ಕಿಣ್ವಗಳು. ಇವುಗಳಲ್ಲಿ ಮೊದಲನೆಯದನ್ನು ವಾಂಗ್ 1971ರಲ್ಲಿ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದರು. ಒಂದನೇ ಬಗೆಯ ಕಿಣ್ವ ಡಿಎನ್‌ಎಯ ಒಂದು ಎಳೆಯನ್ನು ಕತ್ತರಿಸಿ, ಬಿಗಿತ ಇಳಿಯುವವರೆಗೆ ತಿರುಗಲು ಬಿಟ್ಟು, ಮತ್ತೆ ಬೆಸೆಯುತ್ತದೆ. ಎರಡನೇ ಬಗೆಯದು ಎರಡೂ ಎಳೆಗಳನ್ನು ಕತ್ತರಿಸಿ, ಆ ತೆರಪಿನಲ್ಲಿ ಡಿಎನ್‌ಎಯ ಮತ್ತೊಂದು ಭಾಗವನ್ನು ದಾಟಿಸಿ, ಬಳಿಕ ಬೆಸೆಯುತ್ತದೆ. ಕತ್ತರಿಸುವುದಕ್ಕೂ ಬೆಸೆಯುವುದಕ್ಕೂ ನಡುವಿನ ಅವಧಿ ಅತ್ಯಲ್ಪ. ಕ್ಯಾನ್ಸರ್ ಚಿಕಿತ್ಸೆಯ ಹಲವು ಪ್ರಮುಖ ಔಷಧಗಳು ಕೈಹಾಕುವುದು ಈ ಅಲ್ಪ ಅವಧಿಗೇ.

ಔಷಧ ಹೊಕ್ಕುವ ಬಗೆ

ಡಿಎನ್‌ಎಗೆ ಅಂಟುವ ಔಷಧಗಳಲ್ಲಿ ಕೆಲವು ಮೆಟ್ಟಿಲಿನಂತಿರುವ ಅಕ್ಷರಜೋಡಿಗಳ ನಡುವೆ ಬೆಣೆಯಂತೆ ಹೊಕ್ಕುತ್ತವೆ. ಡಾಕ್ಸೊರುಬಿಸಿನ್ ಇವುಗಳಲ್ಲಿ ಪ್ರಸಿದ್ಧವಾದುದು. ಇಟಲಿಯ ಮಣ್ಣಿನಲ್ಲಿ ದೊರೆತ ಸೂಕ್ಷ್ಮಾಣುವಿನಿಂದ ಬಂದ ಈ ಔಷಧಕ್ಕೆ ಏಡ್ರಿಯಾಟಿಕ್ ಸಮುದ್ರದ ಸ್ಮರಣೆಯಲ್ಲಿ ಏಡ್ರಿಯಾಮೈಸಿನ್ ಎಂಬ ಹೆಸರೂ ಇದೆ. 1974ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಕೆಂಪು ದ್ರಾವಣ ಇಂದಿಗೂ ಸ್ತನ ಕ್ಯಾನ್ಸರ್ ಮತ್ತು ಲಿಂಫೋಮಾ ಚಿಕಿತ್ಸೆಯ ಆಧಾರಸ್ತಂಭಗಳಲ್ಲೊಂದು. ಬೆಣೆ ಹೊಕ್ಕ ಕಡೆ ಡಿಎನ್‌ಎಯ ಸುತ್ತು ಸ್ವಲ್ಪ ಬಿಚ್ಚಿಕೊಳ್ಳಲೇಬೇಕು. ಆದ್ದರಿಂದ ಈಗಾಗಲೇ ಸಡಿಲಗೊಂಡ ಡಿಎನ್‌ಎಯೊಳಗೆ ಇಂತಹ ಔಷಧ ಸುಲಭವಾಗಿ ಹೊಕ್ಕುತ್ತದೆ. ಬಿಗಿಹುರಿಯಿರುವಲ್ಲಿ ಅದಕ್ಕೆ ಪ್ರತಿರೋಧ ಎದುರಾಗುತ್ತದೆ.

ಇದಕ್ಕೆ ನಮಗೆ ಪರಿಚಿತವಾದ ಒಂದು ಉದಾಹರಣೆಯಿದೆ. ತೊನ್ನಿನ ಚಿಕಿತ್ಸೆಗೆ ಆಯುರ್ವೇದವು ಬಹುಕಾಲದಿಂದ ಬಳಸುತ್ತ ಬಂದಿರುವ ಬಾವಂಚಿ ಬೀಜದಲ್ಲಿ ಸೊರಾಲೆನ್ ಎಂಬ ವಸ್ತುವಿದೆ. ಇದರ ಬಳಗದ ರಾಸಾಯನಿಕಗಳನ್ನು ಕೊಟ್ಟು ಅತಿನೇರಳೆ ಬೆಳಕು ಹಾಯಿಸುವ ಚಿಕಿತ್ಸೆಯನ್ನು ಆಧುನಿಕ ಚರ್ಮವೈದ್ಯರೂ ಅನುಸರಿಸುತ್ತಾರೆ. ಬೆಳಕು ಬಿದ್ದಾಗ ಸೊರಾಲೆನ್ ಡಿಎನ್‌ಎಯ ಎರಡೂ ಎಳೆಗಳನ್ನು ಬೆಸೆದುಬಿಡುತ್ತದೆ. ಸಡಿಲಹುರಿ ಹೆಚ್ಚಿದಷ್ಟೂ ಈ ಬೆಸುಗೆ ಹೆಚ್ಚುತ್ತದೆ ಎಂಬುದನ್ನು 1980ರಲ್ಲಿ ರಿಚರ್ಡ್ ಸಿಂಡನ್ ಮತ್ತು ಸಂಗಡಿಗರು ಜೀವಂತ ಬ್ಯಾಕ್ಟೀರಿಯಾಗಳಲ್ಲಿ ತೋರಿಸಿದರು. 2013ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳು ಇದೇ ಗುಣವನ್ನು ಅಳತೆಗೋಲಾಗಿ ಬಳಸಿ, ಮಾನವ ವರ್ಣತಂತುಗಳಲ್ಲಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬ ನಕ್ಷೆಯನ್ನೇ ತಯಾರಿಸಿದರು. ಹುರಿಯ ಈ ಹಂಚಿಕೆ ವಂಶವಾಹಿಗಳು ಓದಲ್ಪಡುವ ಕ್ರಿಯೆಯೊಂದಿಗೆ ಬದಲಾಗುತ್ತದೆ ಎಂಬುದು ಅದರಿಂದ ತಿಳಿದುಬಂತು. ಅಂದರೆ, ಒಂದೇ ಔಷಧಕ್ಕೆ ಒಂದೇ ಡಿಎನ್‌ಎಯ ಎಲ್ಲ ಭಾಗಗಳೂ ಸಮಾನವಾಗಿ ಬಾಗಿಲು ತೆರೆಯುವುದಿಲ್ಲ. ಕೋಶವು ಆ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದರ ಮೇಲೆ ಅದು ನಿಂತಿದೆ.

ಪಶ್ಚಿಮಘಟ್ಟದ ಮರ, ಡೆಲ್ಫ್ಟ್‌ನ ಪ್ರಯೋಗ

ಎರಡನೆಯ ಗುಂಪಿನ ಔಷಧಗಳು ಟೋಪೋಐಸೋಮರೇಸ್ ಕಿಣ್ವವನ್ನೇ ಡಿಎನ್‌ಎಗೆ ಸಿಕ್ಕಿಹಾಕಿಸುತ್ತವೆ. ಕತ್ತರಿಸಿದ ಕಿಣ್ವ ಬೆಸೆಯಲಾರದೆ ನಿಲ್ಲುತ್ತದೆ. ಇವುಗಳಲ್ಲಿ ಹಿರಿಯದು ಕ್ಯಾಂಪ್ಟೊಥೆಸಿನ್. 1966ರಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾನಿ ಇದನ್ನು ಚೀನೀ ಮರವೊಂದರಿಂದ ಪಡೆದ ವರದಿ ಪ್ರಕಟಿಸಿದರು. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ, ಮಹಾರಾಷ್ಟ್ರದಲ್ಲಿ ನರಕ್ಯಾ ಎಂದು ಕರೆಯುವ ನೊಥಾಪೊಡೈಟಿಸ್ ಮರದಲ್ಲೂ ಅದು ಧಾರಾಳವಾಗಿದೆ ಎಂಬುದನ್ನು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತಿಳಿಸಿದರು. ಬಳಿಕ ಈ ಮರಕ್ಕೆ ಬಂದ ಬೇಡಿಕೆ ಅದರ ಉಳಿವಿಗೇ ಕುತ್ತಾಯಿತು. ಘಟ್ಟದ ಯಾವ ಭಾಗದ ಮರಗಳಲ್ಲಿ ಈ ವಸ್ತು ಹೆಚ್ಚಿದೆ ಎಂಬುದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ.

ಆರಂಭದ ಪ್ರಯೋಗಗಳು ತೀವ್ರ ಅಡ್ಡಪರಿಣಾಮಗಳಿಂದಾಗಿ 1970ರ ದಶಕದಲ್ಲಿ ನಿಂತುಹೋದವು. 1985ರಲ್ಲಿ ಲಿಯು ತಂಡ, ಈ ವಸ್ತುವಿನ ಗುರಿ ಒಂದನೇ ಬಗೆಯ ಟೋಪೋಐಸೋಮರೇಸ್ ಎಂದು ಕಂಡುಹಿಡಿದ ನಂತರ ಆಸಕ್ತಿ ಮರುಕಳಿಸಿತು. ಇದರ ಸುಧಾರಿತ ರೂಪಗಳಾದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ 1996ರಲ್ಲಿ ಅಮೆರಿಕದ ಅನುಮತಿ ಪಡೆದವು. 2024ರಲ್ಲಿ ಸುಂಕ ವಿನಾಯಿತಿ ದೊರೆತ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಹೊತ್ತೊಯ್ಯುವ ವಿಷವೂ ಇದೇ ವಂಶದ್ದು. ಪ್ರತಿಕಾಯವೊಂದು ಅದನ್ನು ಗಡ್ಡೆಯ ಕೋಶದವರೆಗೆ ಸಾಗಿಸುತ್ತದೆ, ಅಷ್ಟೆ.

ಹುರಿಗೂ ಈ ಔಷಧಕ್ಕೂ ಇರುವ ಸಂಬಂಧ ಕಣ್ಣಿಗೆ ಕಾಣುವಂತಾದುದು 2007ರಲ್ಲಿ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ನೈನ್ಕೆ ಡೆಕ್ಕರ್ ಅವರ ತಂಡ, ಒಂದೇ ಒಂದು ಡಿಎನ್‌ಎ ಅಣುವಿನ ತುದಿಗೆ ಪುಟ್ಟ ಕಾಂತೀಯ ಮಣಿಯನ್ನು ಕಟ್ಟಿ, ಅಯಸ್ಕಾಂತದಿಂದ ಅದನ್ನು ತಿರುಚಿ, ಕಿಣ್ವ ಹುರಿಯನ್ನು ಬಿಚ್ಚುವ ವೇಗವನ್ನು ಅಳೆಯಿತು. ಟೊಪೊಟೆಕಾನ್ ಇದ್ದಾಗ ಆ ವೇಗ ಬಹಳವಾಗಿ ಕುಗ್ಗಿತು. ಗಮನಾರ್ಹವಾದ ಸಂಗತಿಯೆಂದರೆ, ಸಡಿಲಹುರಿಗಿಂತ ಬಿಗಿಹುರಿಯನ್ನು ಬಿಚ್ಚುವ ಕೆಲಸಕ್ಕೆ ಹೆಚ್ಚು ಅಡ್ಡಿಯಾಯಿತು. ಯೀಸ್ಟ್ ಕೋಶಗಳಲ್ಲೂ ಔಷಧದಿಂದಾಗಿ ಬಿಗಿಹುರಿ ಕೂಡಿಬಿದ್ದುದು ಕಂಡುಬಂತು. ಔಷಧ ಕೋಶವನ್ನು ಕೊಲ್ಲುವುದು ಬರಿಯ ಕತ್ತರಿಯ ಗಾಯದಿಂದಲ್ಲ. ಬಿಚ್ಚಲಾಗದೆ ಉಳಿದ ಬಿಗಿತವೂ ಅದರಲ್ಲಿ ಪಾಲುಗೊಳ್ಳಬಹುದು ಎಂಬ ತೀರ್ಮಾನಕ್ಕೆ ಇದು ದಾರಿ ಮಾಡಿತು.

ಇದಕ್ಕೆ ಸ್ವಲ್ಪ ಮೊದಲು, 2005 ಮತ್ತು 2006ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ನೀಲ್ ಓಶೆರಾಫ್ ತಂಡ ಇನ್ನೊಂದು ಮುಖವನ್ನು ತೋರಿಸಿತ್ತು. ಕ್ಯಾಂಪ್ಟೊಥೆಸಿನ್ ಜೊತೆಗಿದ್ದಾಗ ಒಂದನೇ ಬಗೆಯ ಕಿಣ್ವ ಬಿಗಿಹುರಿಯ ಡಿಎನ್‌ಎಯಲ್ಲಿ ಹೆಚ್ಚು ಕತ್ತರಿಗಳನ್ನು ಉಳಿಸುತ್ತದೆ. ಆದರೆ ಎರಡನೇ ಬಗೆಯ ಕಿಣ್ವ ಇದಕ್ಕೆ ತದ್ವಿರುದ್ಧ. ಬಿಗಿಹುರಿಯಲ್ಲಿ ಅದರ ಕತ್ತರಿಗಳು ಕಡಿಮೆ, ಔಷಧವಿದ್ದರೂ ಕಡಿಮೆಯೇ. ಡಿಎನ್‌ಎಯ ನಕಲು ತೆಗೆಯುವ ಯಂತ್ರ ಸಾಗುವ ಹಾದಿಯಲ್ಲಿ ಮುಂದಿರುವುದು ಬಿಗಿಹುರಿ. ಆ ಯಂತ್ರ ಕತ್ತರಿಸಿಟ್ಟ ಕಿಣ್ವಕ್ಕೆ ಡಿಕ್ಕಿ ಹೊಡೆದರೆ ತಾತ್ಕಾಲಿಕ ಕತ್ತರಿ ಶಾಶ್ವತ ಮುರಿತವಾಗುತ್ತದೆ. ಹಾಗಾಗಿ ಕ್ಯಾಂಪ್ಟೊಥೆಸಿನ್ ಬಳಗ ವೇಗವಾಗಿ ವಿಭಜನೆಗೊಳ್ಳುವ ಕೋಶಗಳಿಗೆ ಏಕೆ ಅಷ್ಟು ಮಾರಕ ಎಂಬುದಕ್ಕೆ ಇಲ್ಲಿ ಒಂದು ವಿವರಣೆ ದೊರೆಯುತ್ತದೆ. ಕರುಳು ಮತ್ತು ಅಸ್ಥಿಮಜ್ಜೆಯ ಆರೋಗ್ಯವಂತ ಕೋಶಗಳೂ ವೇಗವಾಗಿಯೇ ವಿಭಜನೆಗೊಳ್ಳುತ್ತವೆ. ಭೇದಿ ಮತ್ತು ರಕ್ತಕಣಗಳ ಕುಸಿತ ಈ ಔಷಧಗಳ ನೆರಳಿನಂತೆ ಬರುವುದು ಇದೇ ಕಾರಣಕ್ಕೆ.

ಬ್ಯಾಕ್ಟೀರಿಯಾಗಳಲ್ಲೂ ಇದೇ ನಿಯಮದ ಛಾಯೆಯಿದೆ. ಸಿಪ್ರೊಫ್ಲೊಕ್ಸಾಸಿನ್‌ನಂತಹ ಪ್ರತಿಜೈವಿಕಗಳ ಗುರಿ ಗೈರೇಸ್ ಎಂಬ ಎರಡನೇ ಬಗೆಯ ಕಿಣ್ವ. ಅದೂ ಬಿಗಿಹುರಿಯಲ್ಲಿ ಕಡಿಮೆ ಕತ್ತರಿಗಳನ್ನು ಉಳಿಸುತ್ತದೆ ಎಂದು ಓಶೆರಾಫ್ ತಂಡ 2017ರಲ್ಲಿ ವರದಿ ಮಾಡಿತು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಎರಡನೇ ಬಗೆಯಲ್ಲಿ ಗೈರೇಸ್ ಒಂದೇ ಗತಿ. ಔಷಧನಿರೋಧಕ ಕ್ಷಯದ ಚಿಕಿತ್ಸೆಯಲ್ಲಿ ಈ ವರ್ಗದ ಔಷಧಗಳಿಗೆ ಇರುವ ಮಹತ್ವವನ್ನು ನೆನೆದರೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ದಶಕಗಳ ಕಾಲ ಈ ಕಿಣ್ವಗಳ ಮೇಲೆ ನಡೆಸಿದ ಅಧ್ಯಯನದ ಬೆಲೆ ತಿಳಿಯುತ್ತದೆ.

ಗುಣವಾದ ಮೇಲೆ ಬರುವ ಕಾಯಿಲೆ

ಈ ಎಲ್ಲ ಸೂಕ್ಷ್ಮ ವಿವರಗಳು ರೋಗಿಗೆ ಏಕೆ ಬೇಕು? ಏಕೆಂದರೆ ಇದೇ ಔಷಧಗಳು ಕ್ಯಾನ್ಸರನ್ನು ಗೆದ್ದವರಲ್ಲಿ ಕೆಲವರಿಗೆ ಮತ್ತೊಂದು ಕಾಯಿಲೆಯನ್ನು ಉಳಿಸಿಹೋಗುತ್ತವೆ.

ಮೊದಲನೆಯದು ರಕ್ತದ ಕ್ಯಾನ್ಸರ್. ಎಟೊಪೊಸೈಡ್ ಎಂಬ, ಎರಡನೇ ಬಗೆಯ ಕಿಣ್ವವನ್ನು ಸಿಕ್ಕಿಹಾಕಿಸುವ ಔಷಧ ಪಡೆದವರಲ್ಲಿ ಅಲ್ಪ ಪ್ರಮಾಣದ ಜನರಿಗೆ ಕೆಲವು ವರ್ಷಗಳಲ್ಲೇ ಹೊಸದಾಗಿ ಲ್ಯುಕೇಮಿಯಾ ಕಾಣಿಸಿಕೊಳ್ಳುತ್ತದೆ. ಹನ್ನೊಂದನೇ ವರ್ಣತಂತುವಿನ ಎಂಎಲ್‌ಎಲ್ ಎಂಬ ವಂಶವಾಹಿ ಮುರಿದು ತಪ್ಪು ಜಾಗಕ್ಕೆ ಬೆಸೆದುಕೊಳ್ಳುವುದು ಇದರ ಗುರುತು. ಮುರಿತ ಪದೇಪದೇ ಅಲ್ಲೇ ಏಕೆ? ವರ್ಣತಂತುವಿನ ಕುಣಿಕೆಗಳು ಕಟ್ಟಿಕೊಂಡಿರುವ ಬುಡಗಳಲ್ಲಿ ಈ ಕಿಣ್ವದ ಕತ್ತರಿಗಳು ದಟ್ಟವಾಗಿರುತ್ತವೆ ಎಂದೂ, ಅವು ನಿಜವಾದ ಮುರಿತಗಳಾಗಿ ಬದಲಾಗುವುದು ಅಲ್ಲಿ ವಂಶವಾಹಿ ಎಷ್ಟು ಚುರುಕಾಗಿ ಓದಲ್ಪಡುತ್ತಿದೆ ಎಂಬುದನ್ನು ಅವಲಂಬಿಸಿದೆ ಎಂದೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ತೋರಿಸಿದರು. ಕುಣಿಕೆಯ ಬುಡ ಎಂದರೆ ಹುರಿಯ ಒತ್ತಡ ಬಂದು ನಿಲ್ಲುವ ಜಾಗವೆಂದು ಭಾವಿಸಲಾಗಿದೆ.

ಎರಡನೆಯದು ಹೃದಯ. ಡಾಕ್ಸೊರುಬಿಸಿನ್‌ನ ಒಟ್ಟು ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 400 ಮಿಲಿಗ್ರಾಂ ತಲುಪಿದಾಗ ಸುಮಾರು ಶೇ. 5ರಷ್ಟು, 550 ಮಿಲಿಗ್ರಾಂ ತಲುಪಿದಾಗ ಸುಮಾರು ಶೇ. 26ರಷ್ಟು ರೋಗಿಗಳು ಹೃದಯ ವೈಫಲ್ಯಕ್ಕೆ ಗುರಿಯಾಗುತ್ತಾರೆ ಎಂದು 2003ರಲ್ಲಿ ಪ್ರಕಟವಾದ ವಿಶ್ಲೇಷಣೆ ಅಂದಾಜಿಸಿತು. ಹೃದಯದ ಸ್ನಾಯುಕೋಶಗಳು ಬಹುಮಟ್ಟಿಗೆ ವಿಭಜನೆಗೊಳ್ಳುವುದಿಲ್ಲ. ಹಾಗಿದ್ದರೂ ಅವಕ್ಕೆ ಪೆಟ್ಟು ಬೀಳುವುದೇಕೆ? 2012ರಲ್ಲಿ ಹೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ತಂಡ, ಎರಡನೇ ಬಗೆಯ ಕಿಣ್ವದ ಬೀಟಾ ರೂಪವನ್ನು ಹೃದಯಕೋಶಗಳಿಂದ ತೆಗೆದುಹಾಕಿದ ಇಲಿಗಳು ಈ ಹಾನಿಯಿಂದ ಪಾರಾದುದನ್ನು ವರದಿ ಮಾಡಿತು. ವಿಭಜನೆ ಇಲ್ಲದಿದ್ದರೂ ಹೃದಯಕೋಶ ತನ್ನ ವಂಶವಾಹಿಗಳನ್ನು ಓದುತ್ತಲೇ ಇರಬೇಕು. ಓದುವಾಗ ಹುರಿಯೇಳುತ್ತದೆ, ಅದನ್ನು ಇಳಿಸುವ ಕಿಣ್ವದ ಬಳಿ ಔಷಧ ಕಾದಿರುತ್ತದೆ.

ಇಲ್ಲಿಂದ ಆಶಾದಾಯಕವಾದ ಹಾದಿಯೂ ತೆರೆದಿದೆ. ಡಾಕ್ಸೊರುಬಿಸಿನ್ ಡಿಎನ್‌ಎಯನ್ನು ಮುರಿಯುವುದಷ್ಟೇ ಅಲ್ಲ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಉಂಡೆಗಳನ್ನೂ ಕಿತ್ತುಹಾಕುತ್ತದೆ ಎಂದು 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಯಾಕ್ ನೀಫ್ಯೆಸ್ ತಂಡ ಕಂಡುಕೊಂಡಿತು. ಅದೇ ವರ್ಷ ಸಿಯಾಟಲ್‌ನ ಸ್ಟೀವನ್ ಹೆನಿಕಾಫ್ ತಂಡವೂ, ಬೆಣೆ ಹೊಕ್ಕಾಗ ಹುಟ್ಟುವ ಹುರಿಯ ಒತ್ತಡ ಈ ಉಂಡೆಗಳನ್ನು ಅಲುಗಿಸಬಹುದು ಎಂಬ ವಿವರಣೆ ನೀಡಿತು. ಮುರಿತ ಮತ್ತು ಕೀಳುವಿಕೆ ಎಂಬ ಎರಡು ಪೆಟ್ಟುಗಳನ್ನು ಬೇರ್ಪಡಿಸಲು ಸಾಧ್ಯವೇ? ನೀಫ್ಯೆಸ್ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಡಿಎನ್‌ಎಯನ್ನು ಮುರಿಯದೆ ಹಿಸ್ಟೋನ್‌ಗಳನ್ನು ಮಾತ್ರ ಕೀಳುವ ಡಾಕ್ಸೊರುಬಿಸಿನ್ ರೂಪಾಂತರವು ಇಲಿಗಳಲ್ಲಿ ಗಡ್ಡೆಯ ವಿರುದ್ಧ ಕೆಲಸ ಮಾಡಿತು. ಹೃದಯಕ್ಕೆ ಹಾನಿ ತರಲಿಲ್ಲ. ಮನುಷ್ಯರಲ್ಲಿ ಇದು ಸಾಬೀತಾಗುವವರೆಗೆ ಕಾಯಬೇಕು. ಆದರೆ ಗಡ್ಡೆಗೆ ಬೀಳುವ ಪೆಟ್ಟು ಹೃದಯಕ್ಕೂ ಬೀಳಲೇಬೇಕು ಎಂಬ ಹಳೆಯ ನಂಬಿಕೆ ಅಲುಗಾಡಿದೆ.

ಜಿಲ್ಲಾ ಆಸ್ಪತ್ರೆಗೆ ಇದರ ಪಾಠ

ಹುರಿಯ ವಿಜ್ಞಾನ ಇನ್ನೂ ಪ್ರಯೋಗಾಲಯದಿಂದ ವೈದ್ಯರ ಚೀಟಿಗೆ ಬಂದಿಲ್ಲ. ಇಂದಿಗೂ ಹೆಚ್ಚಿನ ಕಿಮೋಥೆರಪಿಯ ಪ್ರಮಾಣವನ್ನು ರೋಗಿಯ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕಿದ ದೇಹದ ಮೇಲ್ಮೈಯ ಆಧಾರದಲ್ಲೇ ನಿರ್ಧರಿಸಲಾಗುತ್ತದೆ. ಆ ಲೆಕ್ಕಕ್ಕೆ ಕೋಶದೊಳಗಿನ ಬಿಗಿತ ಸಡಿಲತೆಗಳು ಕಾಣುವುದಿಲ್ಲ. ಒಂದೇ ಪ್ರಮಾಣ ಪಡೆದ ಇಬ್ಬರಲ್ಲಿ ಒಬ್ಬರ ಹೃದಯ ಸೋತು ಇನ್ನೊಬ್ಬರದು ಗಟ್ಟಿಯಾಗಿ ಉಳಿಯುವುದನ್ನು ಅದು ಮುಂಚಿತವಾಗಿ ಹೇಳಲಾರದು. ಹಾಗೆಂದು ಯಾರೂ ಚಿಕಿತ್ಸೆಗೆ ಹಿಂಜರಿಯಬೇಕಿಲ್ಲ. ಈ ಔಷಧಗಳು ಉಳಿಸಿದ ಜೀವಗಳ ಸಂಖ್ಯೆ ಅಪಾರ, ಮತ್ತು ವೈದ್ಯರು ಸೂಚಿಸಿದ ಸುತ್ತುಗಳನ್ನು ಅರ್ಧಕ್ಕೆ ನಿಲ್ಲಿಸುವುದು ಅಡ್ಡಪರಿಣಾಮಕ್ಕಿಂತ ದೊಡ್ಡ ಅಪಾಯವಾಗಬಲ್ಲದು.

ಮುಂಚಿತವಾಗಿ ಹೇಳಲಾಗದ ಹಾನಿಯನ್ನು ತಡವಾಗದಂತೆ ಗುರುತಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಹೊಸ ಡೇಕೇರ್ ಕೇಂದ್ರಗಳಲ್ಲಿ ಬಳಕೆಯಾಗುವ ಔಷಧಗಳಲ್ಲಿ ಡಾಕ್ಸೊರುಬಿಸಿನ್‌ನಂತಹ ಹಳೆಯ, ಕಡಿಮೆ ಬೆಲೆಯ ಔಷಧಗಳಿಗೆ ಪ್ರಮುಖ ಸ್ಥಾನವಿರುವುದು ಸಹಜ. ರೋಗಿಯು ಮೊದಲ ಸುತ್ತುಗಳನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪಡೆದು ಉಳಿದವನ್ನು ತನ್ನ ಜಿಲ್ಲೆಯಲ್ಲಿ ಪಡೆಯುವ ಸಂದರ್ಭ ಹೆಚ್ಚಲಿದೆ. ಆಗ ಈವರೆಗೆ ಒಟ್ಟು ಎಷ್ಟು ಮಿಲಿಗ್ರಾಂ ದೇಹಕ್ಕೆ ಸೇರಿದೆ ಎಂಬ ಲೆಕ್ಕ ಆಸ್ಪತ್ರೆಯ ಕಡತದಲ್ಲಿ ಮಾತ್ರವಲ್ಲ, ರೋಗಿಯ ಕೈಯಲ್ಲಿನ ಕಾರ್ಡಿನಲ್ಲೂ ಇರಬೇಕು. ಚಿಕಿತ್ಸೆಗೆ ಮೊದಲು, ನಡುವೆ ಮತ್ತು ಮುಗಿದ ನಂತರ ಹೃದಯದ ಎಕೋ ಪರೀಕ್ಷೆಯ ವ್ಯವಸ್ಥೆ ಕಿಮೋಥೆರಪಿ ಕುರ್ಚಿಯಷ್ಟೇ ಅಗತ್ಯವೆಂದು ಪರಿಗಣಿತವಾಗಬೇಕು. ಬಾಲ್ಯದಲ್ಲಿ ಈ ಔಷಧ ಪಡೆದವರಲ್ಲಿ ಹೃದಯದ ತೊಂದರೆ ದಶಕಗಳ ನಂತರವೂ ತಲೆದೋರಬಹುದಾದ್ದರಿಂದ ಅವರ ಮೇಲಿನ ನಿಗಾ ಚಿಕಿತ್ಸೆಯೊಂದಿಗೆ ಮುಗಿಯಬಾರದು.

ಸಂಶೋಧನೆಯ ಮಟ್ಟದಲ್ಲೂ ಒಂದು ಮಾತಿದೆ. ಡಿಎನ್‌ಎಗೆ ಅಂಟುವ ಹೊಸ ಔಷಧವನ್ನು ಹುರಿಯಿಲ್ಲದ ತುಂಡು ಡಿಎನ್‌ಎಯ ಮೇಲೆ ಮಾತ್ರ ಪರೀಕ್ಷಿಸಿದರೆ ಸಿಗುವ ಉತ್ತರ ಅಪೂರ್ಣ. ಬಿಗಿ ಮತ್ತು ಸಡಿಲ ಎರಡೂ ಸ್ಥಿತಿಗಳಲ್ಲಿ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಆರಂಭದಲ್ಲೇ ಕೇಳಿದರೆ, ಹೃದಯಕ್ಕೂ ಮಜ್ಜೆಗೂ ಕಾದಿರುವ ಪೆಟ್ಟಿನ ಸುಳಿವು ಬೇಗ ದೊರೆಯಬಹುದು. ಹುರಿ ಬಿಚ್ಚುವ ಪ್ರಶ್ನೆಯನ್ನು ಅರ್ಧ ಶತಮಾನದ ಹಿಂದೆಯೇ ಎತ್ತಿದ ಊರು ಬೆಂಗಳೂರು. ಆ ಪ್ರಶ್ನೆಯ ಉತ್ತರ ಈಗ ಜಿಲ್ಲಾ ಆಸ್ಪತ್ರೆಗಳ ರೋಗಿಗಳಿಗೂ ಸಂಬಂಧಿಸಿದ್ದಾಗಿದೆ.